ಮಾಯವ್ವನ ನವಣೆ ಗಡಿಗೆ

ಮಾಯವ್ವನಿಗೆ ನವಣೆ ಅನ್ನದ ಆಸೆ ಇನ್ನೂ ಹೋಗಿರಲಿಲ್ಲ. ನವಣೆಯೇನೋ ಹೊಲದಲ್ಲಿ ಬೆಳೆಯುತ್ತದೆ, ಅದರ ಸಿಪ್ಪೆ ಬಿಡಿಸುವವರು ಯಾರು? ಬೀಸುಕಲ್ಲಿಗೆ ಮಣ್ಣು ಮೆತ್ತಿ, ಕಾಳು ಒಡೆಯದಂತೆ ಮೆಲ್ಲಗೆ ತಿರುವುವ ಆ ಕೆಲಸಕ್ಕೆ ಅವಳ ಭುಜ ಈಗ ಏಳುತ್ತಿರಲಿಲ್ಲ.

ಹೊಸ ನವಣೆಯ ಅನ್ನಕ್ಕೆ ಕುರಿ ಹಾಲು ಹಾಕಿ ಮನೆದೇವರು ಬೀರಪ್ಪನಿಗೆ ಎಡೆ ಹಿಡಿಯುವುದು ಆ ಮನೆಯ ಪದ್ಧತಿ. ಈಚೆಗೆ ಅಂಗಡಿ ಅಕ್ಕಿಯದೇ ಎಡೆ. ದೇವರು ಏನೂ ಅನ್ನಲಿಲ್ಲ, ಆದರೆ ಅವಳಿಗೆ ಮುಖ ಎತ್ತಲು ಆಗುತ್ತಿರಲಿಲ್ಲ. ವರ್ಷಕ್ಕೆ ಒಂದು ಸಾಲು ಬಿತ್ತಿ ಬೀಜವನ್ನಷ್ಟೇ ಗಡಿಗೆಯಲ್ಲಿ ಉಳಿಸಿಕೊಂಡು ಬಂದಿದ್ದಳು.

2006ರ ಮುಂಗಾರಿನಲ್ಲಿ ಗಂಡ ಹುಲ್ಲಪ್ಪ ಅಮೀನಗಡದ ಬಸ್‌ಸ್ಟ್ಯಾಂಡಿನಿಂದ ಒಂದು ಪೊಟ್ಟಣ ತಂದ.

"ಸಿಪ್ಪಿನೇ ಇಲ್ಲದ ನವಣಿ ಐತಿ ನೋಡು. ಹತ್ತಿಗೆ ಮಾಡಿದಂಗ ಇದರ ವಂಶವಾಹಿನೂ ಬದಲು ಮಾಡ್ಯಾರಂತ."

ಅಂಗೈಯಲ್ಲಿ ಹಳದಿ ಕಾಳು ಹಿಡಿದ ಮಾಯವ್ವನ ಕಣ್ಣು ತುಂಬಿ ಬಂತು. ಇನ್ನು ಹಳೆಯದೇಕೆ ಎಂದು ಗಡಿಗೆ ಬಿಚ್ಚಿ, ಅರ್ಧ ಬೀಜ ಕೋಳಿಗಳಿಗೆ ಚೆಲ್ಲಿಯೂ ಬಿಟ್ಟಳು.

ಅಷ್ಟರಲ್ಲಿ ರೈತ ಸಂಪರ್ಕ ಕೇಂದ್ರದ ವಿದ್ಯಾ ಬಂದಳು. ಬೀಜದೊಳಗಿನ ವಂಶವಾಹಿಯೇ ಗಿಡದ ಗುಣ ತೀರ್ಮಾನಿಸುತ್ತದೆ, ಅದನ್ನು ಬದಲಿಸಿ ಸಿಪ್ಪೆ ಸುಲಭವಾಗಿ ಬಿಡುವ ಕಾಳು ಬೆಳೆಯಬೇಕೆಂಬ ಆಸೆ ವಿಜ್ಞಾನಿಗಳಿಗೂ ಇದೆ ಎಂದಳು. ಆದರೆ ಅಂಥ ಬೀಜ ಜನಕ್ಕೆ, ದನಕ್ಕೆ, ಮಣ್ಣಿಗೆ ಕೇಡಲ್ಲವೆಂದು ಪರೀಕ್ಷೆಯಾಗಬೇಕು, ಸರ್ಕಾರ ಒಪ್ಪಬೇಕು. ಅಂಥ ನವಣೆ ಮಾರಾಟಕ್ಕೆ ಬಂದದ್ದು ತನಗೆ ಗೊತ್ತಿಲ್ಲ ಎಂದಳು.

ಮಾಯವ್ವನಿಗೆ ಸಿಟ್ಟು ಬಂತು. "ನಿನಗ ಹೇಳೂದು ಹಗರ ಐತಿ ತಂಗಿ. ಕಲ್ಲು ತಿರುವೋರು ಯಾರು?"

"ನಿಮ್ಮ ಆಸಿ ತಪ್ಪಲ್ರಿ ಯವ್ವಾ. ಆಸಿ ಇದ್ದಲ್ಲೇ ಮೋಸ ಮಾಡೋರೂ ಬರ್ತಾರ. ಎರಡೂ ಬೀಜ ಹಸಿ ಅರಿಬ್ಯಾಗ ಕಟ್ಟಿ ಇಡ್ರಿ, ಆಮ್ಯಾಲ ಮಾತಾಡೂಣು."

ಕೆಲವು ದಿನ ಬಿಟ್ಟು ಬಟ್ಟೆ ಬಿಚ್ಚಿದರು. ಗಡಿಗೆಯ ಬೀಜ ಬಿಳಿ ಮೊಳಕೆ ಒಡೆದಿತ್ತು. ಪೊಟ್ಟಣದ್ದು ಲೋಳೆಯಾಗಿ ನಾರುತ್ತಿತ್ತು. ಯಂತ್ರದಲ್ಲಿ ಸಿಪ್ಪೆ ತೆಗೆದ, ಮೊಳಕೆ ಹೊರಡುವ ಮೂತಿ ಮುರಿದ ಉಣ್ಣುವ ನವಣೆಯನ್ನೇ ಯಾರೋ ಹೊಸ ಬೀಜವೆಂದು ಮಾರಿದ್ದಾರೆಂದು ವಿದ್ಯಾ ತೋರಿಸಿಕೊಟ್ಟಳು. ಹುಲ್ಲಪ್ಪ ಅದನ್ನು ಒಯ್ದು ತಿಪ್ಪೆಗೆ ಚೆಲ್ಲಿ ಬಂದ.

ಉಳಿದರ್ಧ ಬೀಜವನ್ನೇ ಬಿತ್ತಿದರು. ಪಕ್ಕದೂರಿನ ಮಹಿಳಾ ಸಂಘದಲ್ಲಿ ಸಿಪ್ಪೆ ತೆಗೆಯುವ ಯಂತ್ರವಿದೆ ಎಂದು ವಿದ್ಯಾಳೇ ದಾರಿ ತೋರಿಸಿದಳು. ಸುಗ್ಗಿಯಲ್ಲಿ ಬೀರಪ್ಪನ ಮುಂದೆ ನವಣೆ ಅನ್ನ ಹಬೆಯಾಡಿತು. ಅದಕ್ಕೂ ಮೊದಲೇ ಮಾಯವ್ವ ಒಂದಿಷ್ಟು ಕಾಳು ಬೀಜಕ್ಕೆಂದು ತೆಗೆದಿಟ್ಟು ಗಡಿಗೆ ಕಟ್ಟಿದ್ದಳು.

"ನನ್ನ ಮೊಮ್ಮಗಳ ಕಾಲಕ್ಕರ ಅಂಥ ಬೀಜ ಖರೇನ ಬರಲಿ. ಅಲ್ಲೀತನಕ ಇದನ್ನ ಕಳಕೋಬಾರದು," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಹೊಸ ಬೀಜ ಬೇಡವೆಂದು ನಾವು ಹೇಳುತ್ತಿಲ್ಲ. ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ರಸೀದಿ ಪಡೆಯಿರಿ, ಹಸಿ ಬಟ್ಟೆಯಲ್ಲಿ ಕಟ್ಟಿ ನೋಡಿ. ಅದಕ್ಕೂ ಮೊದಲು ನಿಮ್ಮ ಮನೆಯ ಗಡಿಗೆಯನ್ನು ಇವತ್ತೇ ಒಮ್ಮೆ ಬಿಚ್ಚಿ ನೋಡಿ. ನಿಮ್ಮವ್ವ ಕಟ್ಟಿಟ್ಟ ಬೀಜ ಅದರಲ್ಲಿ ಇನ್ನೂ ಇದೆಯೇ?