ರೊಟ್ಟಿ ಒಯ್ಯುತ್ತಿದ್ದ ಹುಡುಗಿ

ಇಂಗ್ಲಿಷ್ ಸಿನೆಮಾ ಬಂದರೆ ಮೂಡಲಗಿಯ ಟೆಂಟಿನಲ್ಲಿ ಪರದೆಯ ಪಕ್ಕ ಕೋಲು ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳುವವನು ನಾನು, ಭೀಮರಾಯ. ನನಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಟೆಂಟಿನೊಳಗೆ ನಾನು ಹೇಳಿದ್ದೇ ಖರೆ.

೧೯೫೮ರ ಆ ಸಂಜೆಯ ಸಿನೆಮಾ ಗೂಢಚಾರರದು. ಜರ್ಮನರು ಹಿಡಿದುಕೊಂಡ ಊರು, ನೆಲಮಾಳಿಗೆಯಲ್ಲಿ ಅಡಗಿ ಅವರ ವಿರುದ್ಧ ಹೋರಾಡುವ ನಾಲ್ವರು, ಅವರಿಗೆ ಬುಟ್ಟಿಯಲ್ಲಿ ರೊಟ್ಟಿ ಒಯ್ಯುವ ಒಬ್ಬ ಹುಡುಗಿ. ಮೊದಲ ರೀಲಿಗೇ ನನ್ನ ಕಣ್ಣು ಹೆಂಗಸರ ಕಡೆ ಹೋಯಿತು. ಅಲ್ಲಿ, ಕಂಬದ ಬುಡದಲ್ಲಿ, ಸಾವಂತ್ರೆವ್ವಕ್ಕ ಒಬ್ಬಳೇ ಕುಳಿತಿದ್ದಳು.

ನಲವತ್ತೆರಡರ ಚಳವಳಿಯಲ್ಲಿ ಆಕೆಯ ಗಂಡ ಸತ್ಯಪ್ಪ ಮಸಗುಪ್ಪಿಯ ಕಬ್ಬಿನ ಹೊಲದಲ್ಲಿ ಅಡಗಿದ್ದ. ರೊಟ್ಟಿಯ ಗಂಟು ಒಯ್ಯುತ್ತಿದ್ದವಳು ಆಕೆ. ಪೊಲೀಸರು ಅವನನ್ನು ಹಿಡಿದರು, ಅವನು ಜೇಲಿನಲ್ಲೇ ಸತ್ತ. ಹೆಂಡತಿಯೇ ಬಾಯಿ ಬಿಟ್ಟಳೆಂದು ಊರು ಆಡಿಕೊಂಡಿತು. ಅತ್ತೆ ಕಾಡವ್ವ ಹದಿನಾರು ವರ್ಷದಿಂದ ಸೊಸೆಯ ಕೈಯ ನೀರು ಮುಟ್ಟಿಲ್ಲ. ನಿಜಕ್ಕೂ ಬಾಯಿ ಬಿಟ್ಟವನು ಸತ್ಯಪ್ಪನ ಜೊತೆಗಾರನಾದ ನಾನು. ಚಾವಡಿಯಲ್ಲಿ ಪೊಲೀಸರು ಕೊಟ್ಟ ಎರಡೇ ಏಟಿಗೆ ಹೇಳಿಬಿಟ್ಟಿದ್ದೆ.

ಪರದೆಯ ಮೇಲೆ ನಾಲ್ವರಲ್ಲಿ ಒಬ್ಬ ಸಿಕ್ಕಿಬಿದ್ದ. ಹೊಡೆದರು. ಅವನು ಜಾಗ ಹೇಳಿಬಿಟ್ಟ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ.

"ಸತ್ರೂ ಹೇಳಂಗಿಲ್ಲ ಅನ್ನಾಕತ್ತಾನ!" ಎಂದು ಕೂಗಿದೆ. ಟೆಂಟು ಸಿಳ್ಳೆ ಹಾಕಿತು.

ಮರುಕ್ಷಣವೇ ಸೈನಿಕರು ನೆಲಮಾಳಿಗೆಗೆ ನುಗ್ಗಿದರು.

"ಹಂಗಾರ ಇವರಿಗೆ ಜಾಗಾ ತೋರ್ಸಿದವ್ರು ಯಾರಪಾ ಭೀಮರಾಯಾ?" ಮುಂದಿನ ಸಾಲಿನ ಪರಪ್ಪ ಕೇಳಿದ.

ಅಷ್ಟರಲ್ಲಿ ಪರದೆಯ ತುಂಬ ಹುಡುಗಿಯ ಮುಖ ಬಂತು. ನನ್ನ ಕೋಲು ಅತ್ತ ಹೋಯಿತು.

"ಈಕಿ. ರೊಟ್ಟಿ ಒಯ್ಯಾಕಿ."

"ಥೂ, ಮನಿಮುರುಕಿ!" ಟೆಂಟಿಗೆ ಟೆಂಟೇ ಬೈಯತೊಡಗಿತು. ಎಲ್ಲರಿಗಿಂತ ದೊಡ್ಡದು ಹಿಂದಿನಿಂದ ಬಂದ ಕಾಡವ್ವನ ದನಿ. ಸಾವಂತ್ರೆವ್ವಕ್ಕ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದಳು. ಬಾಗಿಲಿಗೆ ಹೋಗಬೇಕಾದರೆ ನನ್ನ ಮುಂದೆಯೇ ದಾಟಬೇಕು. ಅಂದು ಏಟಿಗೆ ಹೆದರಿ ಸತ್ಯಪ್ಪನನ್ನು ಹಿಡಿದುಕೊಟ್ಟೆ, ಇಂದು ಯಾರೂ ಕೈ ಎತ್ತದಿದ್ದರೂ ಅವನ ಹೆಂಡತಿಯನ್ನು ಊರಿಗೆ ಹಿಡಿದುಕೊಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಹೋಗಬ್ಯಾಡ್ರಿ ಅಕ್ಕಾ," ಎಂದೆ. "ನಾ ಸುಳ್ಳು ಹೇಳಿದೆ. ಆ ಹುಡುಗಿ ಏನೂ ಹೇಳಿಲ್ಲ, ಹೊಡ್ತ ತಿಂದಾವನ ಹೇಳಿದ. ಸತ್ಯಪ್ಪ ಎಲ್ಲಿ ಅದಾನಂತ ಪೊಲೀಸರಿಗೆ ಹೇಳಿದಾವ ನಾನ."

ಆ ಗದ್ದಲದಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಮುಂದಿನ ಎರಡು ಸಾಲು ಮಾತ್ರ ಗಪ್ಪಾದವು. ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಜೋರಲೆ ಹೇಳು ತಮ್ಮಾ," ಎಂದಳು. "ನಮ್ಮತ್ತಿ ಹಿಂದ ಕುಂತಾಳ."