ದೊಡ್ಡಣ್ಣ ಹೋದ ಮೇಲೆ

ಕಣ್ಣಾಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ವೈರಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಂಪ್ಯೂಟರು, ಕೇಬಲ್ಲು, ನೆಟ್‌ವರ್ಕು ಎಲ್ಲದರ ಜವಾಬ್ದಾರಿ ಅವಳದು. ಕೆಳಮಹಡಿಯ ತಣ್ಣನೆಯ ಕೋಣೆಯಲ್ಲಿ ಮೂರು ಸರ್ವರ್‌ಗಳಿದ್ದವು. ಯಾವ ಕಡತ ಎಲ್ಲಿದೆ, ಯಾರು ಅದನ್ನು ನೋಡಬಹುದು ಎಂದು ಮೂರೂ ಒಂದಕ್ಕೊಂದು ಹೇಳಿಕೊಳ್ಳುತ್ತ ಕೆಲಸ ಮಾಡುತ್ತಿದ್ದವು. ಎಲ್ಲಕ್ಕೂ ಹಳೆಯದಕ್ಕೆ ದೊಡ್ಡಣ್ಣ ಎಂದು ಅವಳೇ ಹೆಸರಿಟ್ಟಿದ್ದಳು.

ದೊಡ್ಡಣ್ಣನಿಗೆ ವಯಸ್ಸಾಗಿತ್ತು. ಶನಿವಾರ ಅದರ ಕಡತಗಳನ್ನೆಲ್ಲ ಉಳಿದೆರಡಕ್ಕೆ ನಕಲು ಮಾಡಿ, ಅದನ್ನು ನೆಟ್‌ವರ್ಕಿನಿಂದ ಕ್ರಮವಾಗಿ ಬಿಡಿಸಲು ಹೊರಟಳು. ಅರ್ಧ ದಾರಿಯಲ್ಲಿ ಅದರೊಳಗಿಂದ ಸುಟ್ಟ ವಾಸನೆ ಬಂತು, ದೀಪ ಆರಿತು. 'ಹೋಗಿ ಬರ್ತೀನಿ' ಎಂದು ತಮ್ಮಂದಿರಿಗೆ ಹೇಳಲೂ ಅದಕ್ಕೆ ಪುರಸೊತ್ತಾಗಲಿಲ್ಲ. ಹೇಗಿದ್ದರೂ ತೆಗೆಯುವುದೇ ತಾನೆ ಎಂದುಕೊಂಡು ವೈರಮ್ಮ ವೈರು ಕಿತ್ತು, ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ಮನೆಗೆ ಹೋದಳು.

ಸೋಮವಾರ ಅವಳ ಅತ್ತೆಗೇ ಕಣ್ಣಿನ ಪೊರೆ ತೆಗೆಯುವ ಆಪರೇಷನ್. ಅತ್ತೆಯನ್ನು ಒಪ್ಪಿಸುವಷ್ಟರಲ್ಲಿ ಮನೆಮಂದಿಗೆಲ್ಲ ಸಾಕುಸಾಕಾಗಿತ್ತು. ಟೀ ಲೋಟವೆಂದು ಹೂದಾನಿಗೆ ಕೈ ಹಾಕುತ್ತಿದ್ದರೂ "ನಂಗೆಲ್ಲಾ ಕಾಣುತ್ತೆ, ನಿಮಗೇ ಕಣ್ಣಿಲ್ಲ" ಎನ್ನುತ್ತಿದ್ದರು. ಈಗ ಕಣ್ಣಿಗೆ ಹನಿ ಹಾಕಿಸಿಕೊಂಡು, ಹಸಿರು ಟೋಪಿ ತೊಟ್ಟು, ಮದುವೆ ಮನೆಗೆ ಬಂದವರಂತೆ ಬೆಂಚಿನ ಮೇಲೆ ಪಟ್ಟಾಗಿ ಕೂತಿದ್ದರು.

ವೈರಮ್ಮ ಅವರ ಭುಜ ತಟ್ಟಿ ತಿರುಗುವಷ್ಟರಲ್ಲಿ ಆಪರೇಷನ್ ಕೋಣೆಯ ನರ್ಸ್ ಓಡಿ ಬಂದಳು.

"ಮೇಡಂ, ಯಾರ ಅಳತೆನೂ ತೆರೀತಿಲ್ಲ. ಚಕ್ರ ತಿರುಗುತ್ತೆ, ತಿರುಗುತ್ತೆ, ಆಮೇಲೆ ಸರ್ವರ್ ಸಿಗ್ತಿಲ್ಲ ಅಂತ ಬರುತ್ತೆ."

ಕಳೆದ ವಾರ ಅಳೆದ ಅಂಕಿಗಳಿಲ್ಲದೆ ಯಾವ ಕಣ್ಣಿಗೆ ಯಾವ ಲೆನ್ಸ್ ಎಂದು ಡಾಕ್ಟರಿಗೆ ತಿಳಿಯುವುದಿಲ್ಲ. ಹನಿ ಹಾಕಿದ ಕಣ್ಣನ್ನು ಇವತ್ತು ಮತ್ತೆ ಅಳೆಯುವಂತೆಯೂ ಇಲ್ಲ. ಎಲ್ಲರನ್ನೂ ಮನೆಗೆ ಕಳಿಸಬೇಕಾಗುತ್ತದೆ. ಒಮ್ಮೆ ಮನೆ ಸೇರಿದರೆ ಅತ್ತೆಯನ್ನು ಮತ್ತೆ ಇಲ್ಲಿಗೆ ಕರೆತರಲು ಆ ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಪಕ್ಕದವರಿಗೆ ಹೇಳುತ್ತಿದ್ದರು: "ಗಾಬರಿ ಯಾಕ್ರೀ? ನಮ್ಮ ಸೊಸೆ ಇದ್ದಾಳಲ್ಲ. ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ತಾಳೆ."

ಬೆಂಚಿನಲ್ಲಿದ್ದ ಹಸಿರು ಟೋಪಿಗಳೆಲ್ಲ ಅವಳತ್ತ ತಿರುಗಿದವು. ಅವುಗಳಿಗೆ ಅವಳು ಮಂಜಾಗಿ ಕಂಡಿರಬೇಕು. ಸದ್ಯ, ಮುಖದ ಬೆವರಾದರೂ ಕಾಣಲಿಲ್ಲ.

ಕೆಳಗೆ ಬಂದು ಪರದೆ ನೋಡಿದರೆ ಕೆಂಪೋ ಕೆಂಪು. ದೊಡ್ಡಣ್ಣ ಉತ್ತರಿಸುತ್ತಿಲ್ಲ, ದೊಡ್ಡಣ್ಣನ ಜೊತೆ ಮಾತಾಡಲಾಗುತ್ತಿಲ್ಲ ಎಂದು ಎರಡೂ ಸರ್ವರ್‌ಗಳು ಒಂದೇ ಸಮನೆ ದೂರುತ್ತಿದ್ದವು. ನಕಲು ಅರ್ಧಕ್ಕೇ ನಿಂತಿತ್ತೇ? ಅಳತೆಗಳೆಲ್ಲ ಆ ಸುಟ್ಟ ಪೆಟ್ಟಿಗೆಯೊಳಗೇ ಉಳಿದವೇ? ಕೆಂಪು ಸಾಲುಗಳನ್ನು ಬಿಟ್ಟು, ಅವಳು ಮೊದಲು ಎರಡನೆಯ ಸರ್ವರ್‌ನೊಳಗೆ ನೇರವಾಗಿ ಹೊಕ್ಕು ಅತ್ತೆಯ ಹೆಸರು ಹುಡುಕಿದಳು.

ಇತ್ತು. ಎಡಗಣ್ಣು, ಬಲಗಣ್ಣು, ಅಳತೆ, ಲೆನ್ಸಿನ ಅಂಕಿ, ಎಲ್ಲ ಇತ್ತು. ಬೇರೆ ನಾಲ್ಕಾರು ಹೆಸರು ನೋಡಿದಳು. ಅವೂ ಇದ್ದವು.

ವೈರಮ್ಮ ಕುರ್ಚಿಗೆ ಒರಗಿ ಜೋರಾಗಿ ಉಸಿರು ಬಿಟ್ಟಳು. ಹೋದದ್ದು ಏನೂ ಇರಲಿಲ್ಲ. ಮೇಲೆ ಫೋನು ಮಾಡಿದಳು.

"ಡಾಕ್ಟ್ರೇ, ಅಳತೆ ಎಲ್ಲಾ ಭದ್ರವಾಗಿದೆ. ಬೇಕಾದ್ರೆ ಈಗಲೇ ಓದಿ ಹೇಳ್ತೀನಿ."

"ಫೋನಲ್ಲಿ ಕೇಳಿದ ಅಂಕಿ ನಂಬಿ ನಾನು ಕಣ್ಣಿಗೆ ಕೈ ಹಾಕಲ್ಲಮ್ಮ," ಎಂದರು ಡಾಕ್ಟರು. "ಪರದೆ ಮೇಲೆ ಬರಲಿ. ಕಾಯ್ತೀನಿ, ಅವಸರ ಮಾಡ್ಕೋಬೇಡ."

ಬೈಗುಳಕ್ಕೆ ತಯಾರಾಗಿದ್ದ ಅವಳಿಗೆ ಆ ಮಾತು ಕೇಳಿ ಅರ್ಧ ಜೀವ ಬಂದಂತಾಯಿತು.

ನಿಧಾನವಾಗಿ ನೋಡಿದಾಗ ಸಂಗತಿ ತಿಳಿಯಾಯಿತು. ಪೆಟ್ಟಿಗೆ ಮೂಲೆ ಸೇರಿದ್ದರೂ ನೆಟ್‌ವರ್ಕಿನ ಸದಸ್ಯರ ಪಟ್ಟಿಯಲ್ಲಿ ದೊಡ್ಡಣ್ಣನ ಹೆಸರು ಇನ್ನೂ ಇತ್ತು. ಕಂಪ್ಯೂಟರುಗಳು 'ಅಳತೆ ಎಲ್ಲಿದೆ' ಎಂದು ಕೇಳಿದಾಗ ವಿಳಾಸಪಟ್ಟಿ ಹಳೇ ಅಭ್ಯಾಸದಂತೆ ಮೊದಲು ಅದರ ವಿಳಾಸವನ್ನೇ ಕೊಡುತ್ತಿತ್ತು. ಅವು ಹೋಗಿ, ಬಾಗಿಲು ಬಡಿದು, ಕಾದು ಸುಸ್ತಾಗುತ್ತಿದ್ದವು. ತಾನು ಶನಿವಾರವೇ ಮಾಡಬೇಕಾಗಿದ್ದ ಕೆಲಸ. ಬೈದುಕೊಳ್ಳಲು ಆಮೇಲೆ ಸಮಯವಿದೆ ಎಂದು ಅವಳು ಕೀಬೋರ್ಡ್ ಎಳೆದುಕೊಂಡಳು. ದೊಡ್ಡಣ್ಣ ಮಾತ್ರ ಮಾಡುತ್ತಿದ್ದ ಕೆಲಸಗಳೆಲ್ಲ ಎರಡನೆಯದಕ್ಕೆ ಬಂದಿವೆಯೇ ಎಂದು ನೋಡಿದಳು, ಬಂದಿದ್ದವು. ಸದಸ್ಯರ ಪಟ್ಟಿಯಿಂದ ಹೆಸರು ಅಳಿಸಿದಳು. ವಿಳಾಸಗಳನ್ನು ಒಂದೊಂದಾಗಿ ಹುಡುಕಿ ತೆಗೆದಳು. ಆ ಬದಲಾವಣೆ ಮೂರನೆಯದಕ್ಕೂ ತಲುಪುವವರೆಗೆ ಉಗುರು ಕಚ್ಚುತ್ತ ಕೂತಳು. ಹೊಸ ಕೆಂಪು ಸಾಲು ಬರಲಿಲ್ಲ.

"ಈಗ ತೆಗೀರಿ," ಎಂದಳು ಫೋನಿನಲ್ಲಿ.

"ಅದೇ ಬರ್ತಿದೆ ಮೇಡಂ," ಎಂದಳು ನರ್ಸ್.

ವೈರಮ್ಮ ಪಟ್ಟಿಗಳನ್ನು ಮತ್ತೊಮ್ಮೆ ನೋಡಿದಳು, ದೊಡ್ಡಣ್ಣನ ಹೆಸರು ಎಲ್ಲೂ ಇರಲಿಲ್ಲ. ಮರುಕ್ಷಣವೇ ಹೊಳೆಯಿತು. ಇಲ್ಲಿ ಅಳಿಸಿದರೇನು, ಆ ಕಂಪ್ಯೂಟರು ಬೆಳಿಗ್ಗೆ ಕೇಳಿದ ಉತ್ತರವನ್ನೇ ನೆನಪಿಟ್ಟುಕೊಂಡು ಕೂತಿದೆ!

"ಅದನ್ನ ಒಂದ್ಸಲ ಆರಿಸಿ, ಮತ್ತೆ ಹಚ್ಚಿ."

ಫೋನಿನಲ್ಲಿ ಗುಂಡಿ ಒತ್ತಿದ ಸದ್ದು ಕೇಳಿತು. ಯಾರೋ ಕುರ್ಚಿ ಎಳೆದರು, ಯಾರೋ ಕೆಮ್ಮಿದರು. ಆಮೇಲೆ ನರ್ಸ್ ಕೂಗಿದ್ದು ಫೋನಿಲ್ಲದಿದ್ದರೂ ಕೆಳಮಹಡಿಗೆ ಕೇಳುತ್ತಿತ್ತೇನೋ.

"ಬಂತು! ಎಲ್ಲಾ ಬಂತು!"

ವೈರಮ್ಮ ಕೈ ಮುಗಿದಳು. ಯಾರಿಗೆಂದು ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಸಿಕೊಂಡು ಹೊರಬಂದರು.

"ಅಷ್ಟೊತ್ತು ಏನ್ ಮಾಡ್ತಿದ್ದೆ?" ಎಂದು ಕೇಳಿದರು. "ಚಿಟಿಕೆ ಅಂತ ಹೇಳಿಬಿಟ್ಟಿದ್ದೆ ನಾನು. ಮರ್ಯಾದೆ ಹೋಗೋದ್ರಲ್ಲಿತ್ತು."

"ಇನ್ಮೇಲೆ ಒಂದರ್ಧ ಗಂಟೆ ಅಂತ ಹೇಳಿ ಅತ್ತೆ," ಎಂದು ವೈರಮ್ಮ ನಕ್ಕಳು. ಬೆಳಗಿನಿಂದ ಬಿಗಿಹಿಡಿದಿದ್ದ ಭುಜಗಳು ಆಗ ತಾವಾಗಿ ಸಡಿಲವಾದವು.

ಸ್ವಾಗತದ ಹುಡುಗಿ ಮೇಜಿನ ಹಿಂದಿನಿಂದ ಕೈ ಎತ್ತಿದಳು. "ಮೇಡಂ, ನನ್ನ ಪ್ರಿಂಟರ್ ಇನ್ನೂ ದೊಡ್ಡಣ್ಣನ್ನೇ ಕೇಳ್ತಿದೆ."

"ಕೇಳಲಿ ಬಿಡು," ಎಂದಳು ವೈರಮ್ಮ, ಅತ್ತೆಯ ತೋಳು ಹಿಡಿದು ಮೆಟ್ಟಿಲಿಳಿಸುತ್ತ. "ಇವತ್ತು ಪಕ್ಕದ ಮೇಜಿನಲ್ಲಿ ಪ್ರಿಂಟ್ ತೆಗಿ. ನಾಳೆ ಬಂದು ಸಮಾಧಾನ ಮಾಡ್ತೀನಿ."