ಮೊದಲ ಮನೆ

ಗಂಗಾಂಬಿಕಾ ಅವ್ವನ ಬೆನ್ನಿಗೆ ಇನ್ನೊಂದು ತಲೆದಿಂಬು ಒತ್ತಿದಳು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದ ದೇಹ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಬನಹಟ್ಟಿಯ ಆ ಓಣಿಯಲ್ಲಿ ಹಗಲಿಡೀ ಬಡಿದುಕೊಳ್ಳುವ ಮಗ್ಗಗಳನ್ನು ಇಂದ್ರವ್ವನ ಸಾವಿಗೆಂದು ನಿಲ್ಲಿಸಿದ್ದರು. ಹೀಗಾಗಿ ಅಂಗಳದ ಪಿಸುಮಾತೂ ಒಳಗೆ ಕೇಳುತ್ತಿತ್ತು.

"ಮುದಕಯ್ಯನೋರು ಬಂದ್ರು. ಕಾಲಿಗೆ ನೀರ ತರ್ರಿ."

ಗಂಗಾಂಬಿಕಾ ತಮ್ಮನ ಕಡೆ ತಿರುಗಿದಳು. "ಗೌರೀಶಾ, ಅಯ್ಯನೋರಿಗೆ ಹೇಳಿದಿ ಇಲ್ಲೋ? ಅವ್ವನ ತಲಿ ಮ್ಯಾಲ ಪಾದ ಇಡೂದು ಬ್ಯಾಡ."

"ಹ್ಯಾಂಗ ಹೇಳ್ಲಿ ಅಕ್ಕಾ? ಹೊರಗ ನಮ್ಮ ಪ್ರೀತಿನ್ನ ಮಾಡ್ಕೊಳ್ಳೂ ಬೀಗರು ಕುಂತಾರ, ಜಮಖಂಡಿಯಿಂದ ಬಂದು. ಮಗಳ ಮದುವಿ ಈಗಷ್ಟ ಗಟ್ಟಿ ಆಗೇತಿ."

"ಅವ್ವ ಬ್ಯಾಡ ಅಂದಿದ್ದು ನೀನೂ ಕೇಳಿದಿ."

"ನಾನೊಬ್ಬನ ಏನು, ಊರೆಲ್ಲಾ ಕೇಳೇತಿ. ಆಕಿ ಹೇಳಿದ್ದು ಖರೆನ ಐತಿ. ಆದ್ರ ಇವತ್ತ ಬ್ಯಾಡ."

"ಮತ್ತ ಯಾವತ್ತ? ನಾಳಿ ಅವ್ವ ಇನ್ನೊಮ್ಮಿ ಸಾಯ್ತಾಳೇನು?"

ಗೌರೀಶ ಅಯ್ಯನವರನ್ನು ಒಳಗೆ ಕರೆತರಲು ಹೋದ.

*

ಅಪ್ಪ ಗಿರಿಮಲ್ಲಪ್ಪ ತೀರಿಕೊಂಡಾಗ ಕ್ರಿಯೆ ಮಾಡಿಸುವ ಜಂಗಮ ಅಯ್ಯನವರು ಪದ್ಧತಿಯಂತೆ ಹೆಣದ ತಲೆಯ ಮೇಲೆ ಪಾದವಿಟ್ಟಿದ್ದರು. ಸತ್ತವರು ಶಿವನಲ್ಲಿ ಒಂದಾಗುವುದಕ್ಕೆ ಅದೇ ದಾರಿಯೆಂಬ ನಂಬಿಕೆ. ಪಾದದ ಭಾರಕ್ಕೆ ಅಪ್ಪನ ಕತ್ತು ಬಾಗಿ ಗದ್ದ ಎದೆಗೆ ಬಡಿಯಿತು.

"ಹಗೂರಕ್ರೀ!" ಎಂದು ಇಂದ್ರವ್ವ ಕೂಗಿಬಿಟ್ಟಳು. ಸುತ್ತಲಿದ್ದವರು ಅವಳನ್ನು ಗದರಿ ಸುಮ್ಮನಾಗಿಸಿದರು.

ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಸಂಸಾರ ತೂಗಿಸಿದ ಹೆಂಗಸು; ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಆ ಶ್ರಾವಣದಲ್ಲಿ ಮಠದ ಪ್ರವಚನದ ನಡುವೆ ಎದ್ದು ನಿಂತಳು.

"ಅಪ್ಪಾರ, ಲಿಂಗ ಕಟ್ಟಿದವ್ರೆಲ್ಲಾ ಒಂದ ಅಂತೀರಿ. ಹಂಗಾದ್ರ ಒಬ್ಬರ ಕಾಲು ಇನ್ನೊಬ್ಬರ ತಲಿ ಮ್ಯಾಲ ಯಾಕ? ಕೈ ಇಟ್ರ ಶಿವ ಒಲ್ಲೆ ಅಂತಾನೇನು?"

ಸ್ವಾಮಿಗಳು ಸಿಟ್ಟಾಗಲಿಲ್ಲ. "ನಿಮ್ಮ ಮಾತು ಖರೆ ಐತಿ ತಾಯಿ. ಆದ್ರ ಕಾಲ ಕೂಡಿ ಬರಬೇಕು, ಹಿರ್ಯಾರು ಒಪ್ಪಬೇಕು" ಎಂದರು.

ಪ್ರತಿ ಶ್ರಾವಣದಲ್ಲೂ ಅವಳು ಕೇಳಿದಳು. ಪ್ರತಿ ಶ್ರಾವಣದಲ್ಲೂ ಅದೇ ಉತ್ತರ. ಒಂದು ವರ್ಷ ವೇದಿಕೆಗೆ ಕರೆದು, 'ದಿಟ್ಟ ಶರಣೆ' ಎಂದು ಹೊಗಳಿ ಊರ ಹಿರಿಯರೊಬ್ಬರ ಕೈಯಿಂದ ಶಾಲು ಹೊದಿಸಿದರು. ಆ ಹಿರಿಯರ ಮನೆಯಲ್ಲೇ ಮರುವಾರ ಸಾವಾಯಿತು. ಅಲ್ಲೂ ಪಾದವಿಟ್ಟರು. ಇಂದ್ರವ್ವ ಆ ಶಾಲನ್ನು ಧೂಳು ಬೀಳದಂತೆ ನೂಲಿನ ಬುಟ್ಟಿಗೆ ಮುಚ್ಚಿಬಿಟ್ಟಳು.

"ಎಲ್ಲಾರಿಗೂ ಹೇಳ್ಕೋತ ತಿರಗತಿ. ಮೊದ್ಲ ನಿಮ್ಮ ಮನ್ಯಾಗ ಆಗ್ಲಿ ಬೇ" ಎಂದು ನೆರೆಮನೆಯ ಸಾತವ್ವ ಕೆಣಕಿದ್ದಳು.

"ಆಗ್ಲೇಳ. ನಮ್ಮ ಮನ್ಯಾಗ ಇನ್ನ ನಾನ ಸಾಯೂದು ಬಾಕಿ ಐತಿ" ಎಂದು ಇಂದ್ರವ್ವ ನಕ್ಕಿದ್ದಳು.

*

ಮುದಕಯ್ಯನವರಿಗೆ ವಯಸ್ಸಾಗಿತ್ತು. ಕೂಡಿಸಿದ ಹೆಣದ ತಲೆಯ ಎತ್ತರಕ್ಕೆ ಕಾಲು ಏಳುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹತ್ತಿ, ಗೌರೀಶನ ಭುಜ ಹಿಡಿದು ನಿಂತರು.

ಗಂಗಾಂಬಿಕಾ ಕೈ ಮುಗಿದಳು. "ಅಯ್ಯನೋರ, ನಿಮ್ಮ ಕೈ ಇಟ್ರ ಸಾಕ್ರಿ. ಕುರ್ಚಿನೂ ಬೇಕಾಗಂಗಿಲ್ಲ."

ಯಾರೋ ನಕ್ಕು ಕೆಮ್ಮಿದರು.

"ನಂದೇನೂ ಹಟ ಇಲ್ಲವ್ವಾ. ಈ ಮೊಣಕಾಲಿಗೂ ಸಾಕಾಗೇತಿ. ಹಿರ್ಯಾರು ಹೂಂ ಅನ್ಲಿ, ಇಳೀತೇನಿ."

ಬಾಗಿಲಲ್ಲಿ ನಿಂತಿದ್ದ ಓಣಿಯ ಹಿರಿಯ ಭೀಮಶಿ ತಲೆ ಕೊಡವಿದ. "ಮಠದಿಂದ ಅಪ್ಪಣಿ ಬರ್ಲಿ. ನಮ್ಮದೇನೂ ಅಡ್ಡಿಲ್ಲ."

"ಮಠಕ್ಕ ಕೇಳಿದ್ರ ಹಿರ್ಯಾರು ಒಪ್ಪಲಿ ಅಂತಾರ. ನಿಮಗ ಕೇಳಿದ್ರ ಮಠ ಅಂತೀರಿ. ನಮ್ಮವ್ವ ಇದರ ನಡುವ ತಿರಗಿ ತಿರಗೇ ಸತ್ತಳು ಕಾಕಾ."

"ಮಣ್ಣಿಗೆ ಹೊತ್ತಾತು ತಂಗಿ. ಇದನ್ನ ಆಮ್ಯಾಲ ಕುಂತು ಮಾತಾಡೂಣು. ಅಯ್ಯನೋರ, ನೀವು ಮುಗಸ್ರಿ."

ಗಂಗಾಂಬಿಕಾ ತಮ್ಮನನ್ನು ನೋಡಿದಳು. ಅವನು ಅಂಗಳದ ಬೀಗರನ್ನು ನೋಡುತ್ತಿದ್ದ. ಮುದಕಯ್ಯನವರ ಬಾಯಲ್ಲಿ ಮಂತ್ರ ಶುರುವಾಯಿತು. ಈಗಷ್ಟೇ ತೊಳೆದ ಪಾದ ಮೇಲೆದ್ದಿತು. ಅಕಸ್ಮಾತ್ ಅದೇ ದಾರಿಯಾಗಿದ್ದರೆ? ಅವ್ವ ಶಿವನನ್ನು ಸೇರುವುದಕ್ಕೆ ತಾನೇ ಅಡ್ಡ ನಿಂತಂತಾದರೆ? ಅವ್ವನಿಗೂ ಈ ಅಳುಕು ಇದ್ದಿರಬೇಕು. ಇದ್ದೂ ಎದ್ದು ನಿಂತಿದ್ದಳು.

ಅವಳು ಮೊಣಕಾಲೂರಿ, ಎರಡೂ ಅಂಗೈಗಳನ್ನು ಅವ್ವನ ತಲೆಯ ಮೇಲೆ ಹರಡಿದಳು.

ಪಾದ ಅವಳ ಕೈಗಳ ಮೇಲೆ ಇಳಿಯಿತು. ತಣ್ಣಗಿತ್ತು, ಎಣಿಸಿದ್ದಕ್ಕಿಂತ ಭಾರವಿತ್ತು. ಅವಳು ಮೊಣಕೈ ಬಿಗಿಹಿಡಿದಳು. ಅವ್ವನ ಕತ್ತು ಬಾಗಲಿಲ್ಲ. ಮುದಕಯ್ಯನವರು ಕೆಳಗೆ ನೋಡದೆ ಮಂತ್ರ ಮುಗಿಸಿದರು.

"ಈಗ ಪಾದ ಇಟ್ಟಂಗಾತೋ, ಇಲ್ಲೋ?" ಸಾತವ್ವ ಕೇಳಿದಳು.

ಭೀಮಶಿ ಬೀಗರ ಮುಖ ನೋಡಿದ. ಬೀಗರು ಅಯ್ಯನವರ ಮುಖ ನೋಡಿದರು. ಅಯ್ಯನವರು ಗೌರೀಶನ ಭುಜದ ಆಸರೆಯಲ್ಲಿ, ಒಂದೊಂದೇ ಕಾಲೂರುತ್ತ ಕುರ್ಚಿಯಿಂದ ಇಳಿಯುತ್ತಿದ್ದರು.

ಗಂಗಾಂಬಿಕಾ ಕೈ ತೆಗೆಯಲಿಲ್ಲ. ಪಾದದ ನೀರು ಅವಳ ಬೆರಳುಗಳಿಂದ ಮಣಿಕಟ್ಟಿಗೆ ಹರಿದು, ಮೊಣಕೈಯ ತುದಿಯಿಂದ ಅವಳ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಗೈಯ ಕೆಳಗೆ ಅವ್ವನ ಬೈತಲೆ ಒಣಗಿಯೇ ಇತ್ತು.